ಉಪ್ಪುನೀರಿನ ಬಲ್ಬು

ಟೀಚರು ನಿವೃತ್ತಳಾದ ದಿನ ಶಾಲೆಯಲ್ಲಿ ದೊಡ್ಡ ಸಭೆ ಮಾಡಿದರು. ಹೆಡ್‌ಮಾಸ್ಟರು ಮಾತಾಡಿದರು, ಗಣಿತದ ಮೇಷ್ಟ್ರು ಮಾತಾಡಿದರು, ಗೇಟು ಕಾಯುವವನು ಕೂಡ ಮೈಕು ಹಿಡಿದು ಕಣ್ಣೊರೆಸಿಕೊಂಡ. ವೇದಿಕೆಯ ಹಿಂದೆ ಇಳಿಬಿಟ್ಟಿದ್ದ ನೀಲಿ ಪರದೆಯನ್ನು ಹೊಲಿದವಳು ನಾನು. ಮದುವೆಯಾದಂದಿನಿಂದ ಅವಳ ಜೊತೆ ಒಂದೇ ಅಡುಗೆಮನೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಬಾಳಿದವಳೂ ನಾನೇ. ಆದರೆ ಎರಡು ಮಾತಾಡಿ ಎಂದು ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ಇಲ್ಲಿ ಹೇಳುತ್ತೇನೆ. ಮೈಕು ಇಲ್ಲದಿದ್ದರೂ ನನ್ನ ಗಂಟಲಿಗೇನೂ ಕಮ್ಮಿಯಿಲ್ಲ.

ಟೀಚರು ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದಳು. ಬೀದಿಯವರು, ತರಕಾರಿಯವನು, ಕಡೆಗೆ ಕಟ್ಟಿಕೊಂಡ ಗಂಡ ಕೂಡ ಅವಳನ್ನು ಕರೆಯುತ್ತಿದ್ದದ್ದು ಟೀಚರ್ ಎಂದೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಸಂಬಂಧದಲ್ಲಿ ದೊಡ್ಡವಳು. ಅಕ್ಕ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ, ಹಾಗಾಗಿ ನಾನೂ ಟೀಚರ್ ಎಂದೆ. ಎದುರಿಗೆ ಬನ್ನಿ, ಹೋಗಿ, ನೀವು ಎಲ್ಲ ಉಂಟು. ಇಲ್ಲಿ ಮಾತ್ರ ಅವಳು ಎಂದೇ ಹೇಳುತ್ತೇನೆ. ಅಷ್ಟಾದರೂ ಸುಖ ನನಗಿರಲಿ.

ಅವಳ ಅಪ್ಪ ಬ್ಯಾಟರಿ ಅಂಗಡಿಯಲ್ಲಿ ಆಸಿಡ್ ತುಂಬುವ ಕೆಲಸದಲ್ಲಿದ್ದವನು. ಅವನ ಪ್ಯಾಂಟು ಒಗೆದು ಹಿಂಡುವಾಗ ಬಟ್ಟೆ ಜರಡಿಯಾಗುತ್ತಿತ್ತಂತೆ. ಬೆಳಗ್ಗೆ ನೆಟ್ಟಗಿದ್ದ ಬಟ್ಟೆ ನೀರಿಗೆ ಬಿದ್ದೊಡನೆ ಯಾಕೆ ತೂತಾಗುತ್ತದೆ ಎಂದು ಈ ಹುಡುಗಿ ಅಪ್ಪನನ್ನು ಕೇಳಿದಳು, ಅಪ್ಪನಿಗೆ ಗೊತ್ತಿರಲಿಲ್ಲ, ಮೇಷ್ಟ್ರನ್ನು ಕೇಳಿದಳು, ಅವರು ಬೈದರು. ಹಟ ಹಿಡಿದು ಓದಿದಳು. ಮದುವೆಯಾಗಿ ಬರುವಾಗ ಎಲ್ಲರೂ ತರುವ ಪಾತ್ರೆಪಗಡೆಯ ಜೊತೆ ಅಪ್ಪನ ಅಂಗಡಿಯ ಒಂದು ಹಳೆಯ ಬ್ಯಾಟರಿಯನ್ನೂ ತಂದಳು. ಇದನ್ನೆಲ್ಲ ನನಗೆ ಹೇಳಿದ್ದು ಅವಳಲ್ಲ, ನಮ್ಮತ್ತೆ. ದೊಡ್ಡ ಸೊಸೆಯ ಪುರಾಣವನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ಆ ಪ್ಯಾಂಟನ್ನು ನಾನೇ ಹಿಂಡಿದ್ದೇನೇನೋ ಎನ್ನಿಸುವಷ್ಟು.

ತೂತಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಶಾಲೆಯ ಲ್ಯಾಬಿನಲ್ಲಿದ್ದ ಕೋಟುಗಳು ಹುಡುಗಿಯರಿಗೇ ಸಾಲುತ್ತಿರಲಿಲ್ಲ. ಇವಳು ತನ್ನದನ್ನೂ ಅವರಿಗೆ ಕೊಟ್ಟು ತೊಟ್ಟ ಅಂಗಿಗೇ ಆಸಿಡ್ ಹಾರಿಸಿಕೊಂಡು ಬರುತ್ತಿದ್ದಳು. ಒಗೆದ ಮೇಲೆ ತೋಳಿನಲ್ಲಿ, ಹೊಟ್ಟೆಯ ಹತ್ತಿರ, ಸಾಸಿವೆ ಗಾತ್ರದ ತೂತುಗಳು. ಅವನ್ನೆಲ್ಲ ಮುಚ್ಚುತ್ತಿದ್ದವಳು ನಾನು. ನನ್ನ ಹೊಲಿಗೆ ಯಂತ್ರ ಮುಂದಿನ ಕೋಣೆಯ ಕಿಟಕಿಯ ಬಳಿ ಇತ್ತು. ಅಕ್ಕಪಕ್ಕದವರ ಅಂಗಿ, ಲಂಗ, ದಿಂಬಿನ ಚೀಲ ಹೊಲಿಯುವ ನಡುವೆ ಟೀಚರ ತೂತು. ದಾರದ ಬಣ್ಣ ಎಷ್ಟು ಹೊಂದಿಸುತ್ತಿದ್ದೆನೆಂದರೆ ತೂತು ಎಲ್ಲಿತ್ತು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ತಿಳಿಯದ ಮೇಲೆ ಹೊಗಳುವುದೆಲ್ಲಿ ಬಂತು.

ಅವಳ ಕೆಲಸವೋ, ಎಲ್ಲರಿಗೂ ಕಾಣುವಂಥದ್ದು. ಕೆಂಪು ಕೋಸಿನ ರಸ ಹಿಂಡಿ ಲೋಟಗಳಿಗೆ ಸುರಿದು ಒಂದಕ್ಕೆ ವಿನೆಗರ್ ಹಾಕಿದರೆ ಕೆಂಪು, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದರೆ ನೀಲಿ. ಬೀದಿಯ ಮಕ್ಕಳೆಲ್ಲ ನಮ್ಮ ಅಡುಗೆಮನೆಯಲ್ಲಿ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದವು. ಬಣ್ಣ ಹತ್ತಿದ ಲೋಟಗಳನ್ನು ಆಮೇಲೆ ತೊಳೆಯುತ್ತಿದ್ದವಳು ಯಾರೆಂದು ನೀವು ಕೇಳಬೇಡಿ. ಕೆಂಪಾಗಿಸುವುದು ಆಮ್ಲ, ನೀಲಿಯಾಗಿಸುವುದು ಪ್ರತ್ಯಾಮ್ಲ, ಎರಡೂ ಸರಿಯಾಗಿ ಸೇರಿದರೆ ಎರಡರ ಉರಿಯೂ ಹೋಗಿ ಉಪ್ಪು, ನೀರು ಉಳಿಯುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದಳು. ಅದನ್ನು ಕೇಳಿ ನನ್ನ ಗಂಡ, ಅವನ ಅಣ್ಣ ಇಬ್ಬರೂ ಸೇರಿ ನಮ್ಮಿಬ್ಬರಿಗೂ ಆಸಿಡ್ಡು, ಬೇಸು ಎಂದು ಹೆಸರಿಟ್ಟರು. ಯಾರು ಆಸಿಡ್ಡು ಎಂದು ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಬಿಡಿ.

ನನಗೆ ಹೊಟ್ಟೆಕಿಚ್ಚು ಇತ್ತೇ ಎಂದರೆ, ಇತ್ತು. ಈಗಲೂ ಇದೆ. ಆದರೆ ಅದು ಕೋಸಿನ ರಸಕ್ಕಲ್ಲ, ಸಂಬಳಕ್ಕೂ ಅಲ್ಲ. ಒಂದೇ ಒಂದು ಮಾತಿಗೆ.

ಅತ್ತೆಯ ಮಂಚ ನನ್ನ ಯಂತ್ರದ ಪಕ್ಕದಲ್ಲೇ ಇತ್ತು. ಬೆಳಗ್ಗೆಯಿಂದ ಅವರಿಗೆ ಮುಖ ತೊಳೆಸಿ, ತಲೆ ಬಾಚಿ, ಉಗುರು ಕತ್ತರಿಸಿ, ಪೇಪರ್ ಓದಿ ಹೇಳಿ, ಬಿಸಿ ಆರಿಸಿ ಊಟ ಕೊಡುತ್ತಿದ್ದವಳು ನಾನು. ಅಳೆದು ತೂಗಿ ಮಾತಾಡುವ ಹೆಂಗಸು ಅವರು. ನನ್ನನ್ನು ಕರೆಯುವಾಗ ನೋಡಮ್ಮಾ ಎನ್ನುತ್ತಿದ್ದರು. ನೋಡಮ್ಮಾ, ಕಿಟಕಿ. ನೋಡಮ್ಮಾ, ನೀರು. ಅದೇ ನನಗೆ ಹೆಸರಾಗಿಬಿಟ್ಟಿತು, ಟೀಚರ ಮಕ್ಕಳು ಕೂಡ ನನ್ನನ್ನು ನೋಡಮ್ಮ ಚಿಕ್ಕಮ್ಮ ಎನ್ನುತ್ತಿದ್ದವು. ಸಂಜೆ ಟೀಚರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿಸಿದರೆ ಸಾಕು, ಅದೇ ಅತ್ತೆಯ ಮುಖ ಅರಳುತ್ತಿತ್ತು. ಬಂದ್ಯಾ ಮಗಳೇ, ಎನ್ನುತ್ತಿದ್ದರು. ಅವಳು ಪಕ್ಕದಲ್ಲಿ ಕೂತು ಅವತ್ತಿನ ಪಾಠ ಹೇಳುವಳು, ಇವರು ತಲೆದೂಗುವರು. ಶಾಲೆಯ ಮೆಟ್ಟಿಲು ಹತ್ತದ ಅತ್ತೆ, ಕರೆಂಟು ಸಾಗಿಸುವ ಉಪ್ಪುನೀರಿನಂಥದ್ದಕ್ಕೆ ಹೇಳುವ ವಿದ್ಯುದ್ವಿಭಾಜ್ಯ ಎನ್ನುವ ಮಾತನ್ನು ಎಲ್ಲೂ ತೊದಲದೆ ಹೇಳುತ್ತಿದ್ದರು. ನನಗೆ ಇವತ್ತಿಗೂ ಆ ಪದ ಬಾಯಲ್ಲಿ ಹೊರಳುವುದಿಲ್ಲ. ಮಗಳೇ ಎಂಬ ಆ ಮಾತು ಒಂದು ಸಲ ನನ್ನ ಕಡೆ ತಿರುಗಲಿ ಎಂದು ನಾನು ಕಾಯುತ್ತಿದ್ದೆ. ಇಷ್ಟೇ ನನ್ನ ಆಸೆ, ಇದರಲ್ಲಿ ಮುಚ್ಚುಮರೆಯಿಲ್ಲ.

ಅವಳ ಬಲ್ಬಿನ ಪಾಠವನ್ನು ನಾನು ಒಂದು ಸಲ ಕಣ್ಣಾರೆ ಕಂಡೆ. ಅವಳು ಮರೆತು ಹೋಗಿದ್ದ ಕನ್ನಡಕ ಕೊಡಲು ಶಾಲೆಗೆ ಹೋಗಿದ್ದೆ. ಲ್ಯಾಬಿನ ಬಾಗಿಲಲ್ಲಿ ನಿಂತೆ. ಮರದ ಹಲಗೆಯ ಮೇಲೆ ಒಂದು ಸಣ್ಣ ಬಲ್ಬು, ಅಪ್ಪನ ಆ ಬ್ಯಾಟರಿ, ಹಳೆಯ ಸೆಲ್ಲು ಒಡೆದು ತೆಗೆದ ಎರಡು ಕಪ್ಪು ಕಡ್ಡಿ. ಕಡ್ಡಿಗಳನ್ನು ಒಣ ಉಪ್ಪಿನಲ್ಲಿ ಊರಿದಳು, ಬಲ್ಬು ಹತ್ತಲಿಲ್ಲ. ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಇಟ್ಟಳು, ಹತ್ತಲಿಲ್ಲ. ಆ ನೀರಿಗೇ ಒಂದು ಚಮಚ ಉಪ್ಪು ಹಾಕಿ ಕದಡಿದಳು. ಬಲ್ಬು ಮೊದಲು ಕೆಂಪಗೆ ಕಣ್ಣುಬಿಟ್ಟು, ಆಮೇಲೆ ಪೂರ್ತಿ ಹೊತ್ತಿಕೊಂಡಿತು. ಹುಡುಗಿಯರು ಚಪ್ಪಾಳೆ ತಟ್ಟಿದರು.

"ಉಪ್ಪಲ್ಲಿ ಸೋಡಿಯಂ ಒಂದು ಎಲೆಕ್ಟ್ರಾನ್ ಕೊಟ್ಟು ಕೂತಿರುತ್ತೆ, ಕ್ಲೋರಿನ್ ಅದನ್ನ ತಗೊಂಡು ಕೂತಿರುತ್ತೆ," ಎಂದಳು. "ಕೊಟ್ಟಿದ್ದು ಪ್ಲಸ್, ತಗೊಂಡಿದ್ದು ಮೈನಸ್. ಎರಡನ್ನೂ ಅಯಾನು ಅಂತೀವಿ. ಒಣಗಿದ್ದಾಗ ಒಂದನ್ನೊಂದು ಬಿಡಲ್ಲ. ನೀರು ಸಿಕ್ರೆ ಕೈ ಬಿಟ್ಟು ಓಡಾಡ್ತವೆ. ಓಡಾಡೋರಿದ್ರೆ ತಾನೇ ಕರೆಂಟ್ ಸಾಗೋದು?"

ನಾನು ಕನ್ನಡಕವನ್ನು ಮೇಜಿನ ತುದಿಯಲ್ಲಿಟ್ಟು ಬಂದುಬಿಟ್ಟೆ. ಎಷ್ಟು ಅಂಗಿಗೆ ಕಾಜಾ ಹಾಕಿದ್ದೇನೆ ನಾನು, ಒಬ್ಬರಾದರೂ ಚಪ್ಪಾಳೆ ತಟ್ಟಿದ್ದುಂಟೇ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೆ. ಮನೆಗೆ ಬಂದರೆ ಅತ್ತೆ, ಬಲ್ಬು ಹತ್ತಿತಾ ಎಂದು ಕೇಳಿದರು.

ಕೆಲವು ವರ್ಷ ಕಳೆದ ಮೇಲೆ ಅತ್ತೆಗೆ ರಕ್ತದೊತ್ತಡ ಏರಿತು. ಬೀದಿಯ ಕೊನೆಯ ಡಾಕ್ಟರು ಮೂತ್ರ ಹೆಚ್ಚು ಹೋಗುವಂಥ ಒಂದು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ ಎಂದರು. ಕಡಿಮೆ ಎಂದರೆ ಎಷ್ಟು ಎಂದು ನಾವು ಕೇಳಲಿಲ್ಲ. ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಉಪ್ಪಿನ ಪಂದ್ಯ.

ಮಧ್ಯಾಹ್ನದ ಅಡುಗೆ ನನ್ನದು, ಸಂಜೆಯದು ಅವಳದು. ಅವಳು ಅತ್ತೆಯ ಸೂಪಿಗೆ ಹಾಕುವ ಉಪ್ಪನ್ನು ಅರ್ಧಕ್ಕೆ ಇಳಿಸಿದಳು, ಇಳಿಸಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಅರ್ಧಕ್ಕೆ ಇಳಿಸುವುದೇನು ಮಹಾ, ನಾನು ಅವರ ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟೆ. ಅದು ತಿಳಿದೊಡನೆ ಅವಳೂ ಸೂಪಿನಿಂದ ಪೂರ್ತಿ ತೆಗೆದಳು. ನಾನು ಬೆಣ್ಣೆಯಲ್ಲಿ ಉಪ್ಪಿದೆಯೆಂದು ಬೆಣ್ಣೆ ನಿಲ್ಲಿಸಿದೆ. ಅವಳು ಬ್ರೆಡ್ಡಿನಲ್ಲೂ ಇದೆಯೆಂದು ಓದಿಕೊಂಡು ಬಂದು ಬ್ರೆಡ್ಡು ನಿಲ್ಲಿಸಿದಳು. ಆಮೇಲೆ ತೆಗೆಯಲು ಏನೂ ಉಳಿಯದೆ ನೀರಿಗೆ ಕೈಹಾಕಿದೆವು. ನೀರು ಕುಡಿದಷ್ಟೂ ಒಳ್ಳೆಯದೆಂದು ಅವಳು ಸಂಜೆ ಲೋಟದ ಮೇಲೆ ಲೋಟ ಕುಡಿಸುವಳು, ನಾನು ಬಿಡುತ್ತೇನೆಯೇ, ಹಗಲೆಲ್ಲ ಹೂಜಿ ಹಿಡಿದುಕೊಂಡೇ ಇರುವೆ. ಅತ್ತೆ ಪಾಪ, ಇಬ್ಬರಿಗೂ ಬೇಸರವಾಗಬಾರದೆಂದು ಕೊಟ್ಟಿದ್ದನ್ನೆಲ್ಲ ಕುಡಿಯುತ್ತಿದ್ದರು. ಆಮ್ಲ, ಪ್ರತ್ಯಾಮ್ಲ ಸೇರಿದರೆ ಉಪ್ಪು, ನೀರು ಆಗುತ್ತದೆಂದು ಪುಸ್ತಕ ಹೇಳುತ್ತದಂತೆ. ನಾವಿಬ್ಬರೂ ಸೇರಿ ಉಪ್ಪನ್ನು ಮನೆಯಿಂದಾಚೆ ಅಟ್ಟಿ ಬರೀ ನೀರು ಉಳಿಸಿದೆವು.

ಅತ್ತೆಗೆ ತಲೆನೋವು, ಓಕರಿಕೆ ಶುರುವಾಯಿತು. ಕಾಲು ಸೋತು ಮಂಚದಿಂದ ಏಳುವುದು ಕಷ್ಟವಾಯಿತು. ಒತ್ತಡದಿಂದ ಹೀಗಾಗುತ್ತಿದೆ ಎಂದು ಎಲ್ಲರೂ ಅಂದುಕೊಂಡೆವು, ಇನ್ನಷ್ಟು ಪಥ್ಯ ಮಾಡಿಸಿದೆವು. ಒಂದು ಮಧ್ಯಾಹ್ನ ನಾನು ಅವರ ಬಾಯಿ ಒರೆಸುತ್ತಿದ್ದೆ. ಅವರು ನನ್ನ ಕೈ ಹಿಡಿದು, ಕೆನ್ನೆ ಸವರಿ, "ಮಗಳೇ," ಎಂದರು.

ಎಷ್ಟು ವರ್ಷದ ಕಾಯುವಿಕೆ ಅದು. ಏನತ್ತೆ ಎಂದು ಇನ್ನೂ ಹತ್ತಿರ ಕೂತೆ.

"ಸ್ಕೂಲು ಇಷ್ಟ್ ಬೇಗ ಬಿಡ್ತಾ? ಬಲ್ಬು ಹತ್ತಿತಾ ಇವತ್ತು?"

ಹಾಗಾದರೆ ಆ ಮಾತೂ ಅವಳದೇ. ನನ್ನನ್ನು ಅವಳೆಂದುಕೊಂಡು ಕೊಟ್ಟದ್ದು. ನನ್ನ ಮುಖವನ್ನೇ ದಿಟ್ಟಿಸುತ್ತ ಕೂತಿದ್ದಾರೆ, ನಾನು ಕಾಣುತ್ತಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಅವರ ತಲೆ ಕೆಟ್ಟಿದೆಯಲ್ಲ ಎಂದು ಹೆದರಬೇಕು ಎನ್ನುವುದೇ ಹೊಳೆಯಲಿಲ್ಲ. ಯಂತ್ರದ ಮುಂದೆ ಕೂತು ದಡದಡ ತುಳಿದೆ, ಹೊಲಿಗೆ ಅಡ್ಡಾದಿಡ್ಡಿ ಹೋಯಿತು, ಬಿಚ್ಚಿ ಮತ್ತೆ ಹಾಕಿದೆ.

ಸಂಜೆ ಟೀಚರು ಬಂದು ಚಪ್ಪಲಿ ಕಳಚುತ್ತಿದ್ದಂತೆ ಬಾಗಿಲಲ್ಲೇ ಹಿಡಿದೆ. ಅತ್ತೆಗೆ ಈಗ ನನ್ನ ಮುಖದಲ್ಲೂ ನೀವೇ ಕಾಣ್ತೀರಿ ಎಂದೆ. ಅವಳು ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಏನೋ ಸಮಾಧಾನ ಹೇಳಲು ಬಂದಳು, ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಚುಚ್ಚಲೇಬೇಕೆಂದು ಬಾಯಿಗೆ ಬಂದದ್ದನ್ನು ಅಂದೆ.

"ಉಪ್ಪಿಲ್ಲದ ನೀರಲ್ಲಿ ನಿಮ್ಮ ಬಲ್ಬೇ ಹತ್ತಲ್ಲ. ಉಪ್ಪಿಲ್ಲದ ಸೂಪು ಕುಡಿದು ಅತ್ತೆ ತಲೆ ಓಡುತ್ತಾ?"

ನಾನು ಅಂದದ್ದು ಅವಳ ಸೂಪನ್ನು ಹಳಿಯಲು, ಅಷ್ಟೇ. ಟೀಚರು ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ನಿಂತುಬಿಟ್ಟಳು. ಬಣ್ಣ ಇಳಿದ ಮುಖದಲ್ಲಿ ನನ್ನನ್ನೇ ನೋಡಿದಳು. ನೀವು ಮಧ್ಯಾಹ್ನ ಉಪ್ಪು ಹಾಕ್ತೀರಾ ಎಂದು ಕೇಳಿದಳು. ಒಂದು ಹರಳೂ ಇಲ್ಲ ಎಂದೆ, ಅಷ್ಟು ಹೊತ್ತಿನಲ್ಲೂ ಹೆಮ್ಮೆಯಿಂದಲೇ. ಎಷ್ಟು ನೀರು ಎಂದಳು. ಹೂಜಿ ತೋರಿಸಿದೆ. ಅವಳು ಒಳಗೂ ಬರದೆ ಬೀದಿಗೆ ಓಡಿ ಆಟೋ ನಿಲ್ಲಿಸಿದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರು. ಸೋಡಿಯಂ ಪಾತಾಳಕ್ಕೆ ಇಳಿದಿತ್ತು. ನರದಿಂದ ನರಕ್ಕೆ ಸುದ್ದಿ ಹೋಗುವುದು ಇದೇ ಅಯಾನುಗಳ ಓಡಾಟದಿಂದ, ಮಾತ್ರೆ ಅದನ್ನು ಹೊರಗೆ ಹಾಕುತ್ತಿತ್ತು, ಊಟದಲ್ಲಿ ಬರುತ್ತಿರಲಿಲ್ಲ, ಉಳಿದದ್ದನ್ನು ನೀರು ತೆಳುಮಾಡಿತ್ತು ಎಂದು ಅಲ್ಲಿಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಉಪ್ಪುನೀರಿನ ಬಾಟಲಿ ತೂಗುಹಾಕಿ, ಇದನ್ನು ಸರಸರ ಏರಿಸುವಂತಿಲ್ಲ, ಅವಸರ ಮಾಡಿದರೆ ಮೆದುಳಿಗೇ ಅಪಾಯ, ಉಳಿದರೂ ಹೇಗೆ ಉಳಿಯುತ್ತಾರೋ ನೋಡಬೇಕು ಎಂದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಕಡಿಮೆ ಮಾಡಿ ಅಂದ್ರೆ ಪೂರ್ತಿ ಬಿಡೋದಾ? ಯಾರು ನಿಲ್ಲಿಸಿದ್ದು?"

"ನಾನು," ಎಂದಳು ಟೀಚರು. "ಇದನ್ನೇ ಪಾಠ ಮಾಡೋಳು ನಾನು. ನನಗೆ ಗೊತ್ತಿರಬೇಕಿತ್ತು."

ನೋಡಿದಿರಾ. ತಪ್ಪನ್ನೂ ತಾನೇ ಹೊಡೆದುಕೊಂಡಳು. ಡಾಕ್ಟರಮ್ಮ ಅವಳನ್ನೇ ನೋಡುತ್ತಿದ್ದಾರೆ, ಅವಳ ಗಂಡ, ನನ್ನ ಗಂಡ ಇಬ್ಬರೂ ಅವಳ ಹೆಗಲು ತಟ್ಟುತ್ತಿದ್ದಾರೆ, ನಾನು ಹೂಜಿ ತೊಳೆಯುವ ಕೆಲಸದವಳ ಹಾಗೆ ಗೋಡೆಗಂಟಿ ನಿಂತಿದ್ದೇನೆ. ನನ್ನ ಮೈಯೆಲ್ಲ ಉರಿಯಿತು.

"ಸುಳ್ಳು. ಮೊದಲು ನಿಲ್ಲಿಸಿದ್ದು ನಾನು," ಎಂದೆ. "ಅವರದ್ದು ಅರ್ಧ ಚಮಚ ಇತ್ತು."

ನೀರು ಜಾಸ್ತಿ ಕುಡಿಸಿದ್ದು ತಾನು ಎಂದಳು ಅವಳು. ಹಗಲೆಲ್ಲ ಕುಡಿಸಿದ್ದು ನಾನು ಎಂದೆ ನಾನು. ಬ್ರೆಡ್ಡು ತನ್ನದು ಎಂದಳು, ಬೆಣ್ಣೆ ನನ್ನದು ಎಂದೆ. ಡಾಕ್ಟರಮ್ಮ ಕನ್ನಡಕ ತೆಗೆದು, ಇಲ್ಲಿ ಯಾರೂ ಬಹುಮಾನ ಕೊಡ್ತಿಲ್ಲ, ಇಬ್ಬರೂ ಹೊರಗೆ ಕೂತ್ಕೊಳ್ಳಿ ಎಂದು ಕಳುಹಿಸಿದರು. ಬೆಂಚಿನ ಎರಡು ತುದಿಯಲ್ಲಿ ಕೂತೆವು. ಆ ಬೆಂಚಿನ ಮೇಲೆ ನಾನು ಮೊದಲ ಸಲ ಹೆದರಿದೆ. ಅತ್ತೆ ಹೀಗೇ ಹೋಗಿಬಿಟ್ಟರೆ ಕಡೆಯ ಬಾರಿಗೆ ನನಗೆ ಸಿಕ್ಕಿದ್ದು ಬೇರೆಯವರ ಪಾಲಿನ ಮಾತಾಗುತ್ತದಲ್ಲ ಎಂದು. ಟೀಚರು ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಅದರಲ್ಲೂ ನನಗಿಂತ ಚೆನ್ನಾಗಿ ಅಳುತ್ತಾಳೆ ಎನ್ನಿಸಿತು.

ಹನಿಹನಿಯಾಗಿ ಉಪ್ಪು ಏರಿದಂತೆ ಅತ್ತೆಯ ಕಣ್ಣು ತಿಳಿಯಾಗುತ್ತ ಬಂತು. ಒಂದು ಬೆಳಗ್ಗೆ ನಾನು ಗಂಜಿ ತಿನ್ನಿಸುತ್ತಿದ್ದೆ. ಎರಡು ಚಮಚ ನುಂಗಿ, ನನ್ನ ಮುಖ ನೋಡಿ, ಮೂತಿ ಸಿಂಡರಿಸಿದರು.

"ನೋಡಮ್ಮಾ, ಉಪ್ಪು ಸಾಲದು."

ಎಲ್ಲರೂ ನಕ್ಕರು, ನನ್ನ ಗಂಡ ಕಣ್ಣೊರೆಸಿಕೊಂಡ. ನಾನೂ ನಕ್ಕೆ. ಅವರು ನೆಟ್ಟಗಾದರೆಂದು ನಿಜವಾಗಿ ಸಂತೋಷವಾಯಿತು. ಆದರೆ ಮಗಳೇ ಎಂಬ ಮಾತು ತಿರುಗಿ ತನ್ನ ಒಡತಿಯ ಬಳಿಗೆ ಹೋಗಿತ್ತು. ಸಂಜೆ ಟೀಚರು ಬಂದಾಗ ಅದನ್ನು ಕೇಳಿಸಿಕೊಳ್ಳಲಾರದೆ ನಾನು ಫ್ಲಾಸ್ಕು ತುಂಬಿಸಿಕೊಂಡು ಬರಲು ಕೆಳಗೆ ಹೋದೆ.

ಅತ್ತೆ ಆಮೇಲೆ ಎಷ್ಟೋ ವರ್ಷ ಬದುಕಿ, ವಯಸ್ಸಾಗಿ, ನಿದ್ದೆಯಲ್ಲಿ ಹೋದರು. ಕಡೆಯ ದಿನದವರೆಗೂ ನಾನು ನೋಡಮ್ಮ.

ಈಗ ಮತ್ತೆ ನಿವೃತ್ತಿಯ ದಿನಕ್ಕೆ ಬರುತ್ತೇನೆ. ಸಭೆ ಮುಗಿದು ಮನೆಗೆ ಬಂದೆವು. ಟೀಚರು ಶಾಲೆಯಿಂದ ತನ್ನ ಬಲ್ಬಿನ ಹಲಗೆಯನ್ನು ತಂದು, ಮೊದಲು ಅತ್ತೆಯ ಮಂಚ ಇದ್ದ ಜಾಗದಲ್ಲಿ ಇಟ್ಟಳು. ನಾನು ಅವಳು ಕಳಚಿ ಹಾಕಿದ ಅಂಗಿಯ ತೋಳನ್ನು ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದೆ. ಇನ್ನು ಮೇಲೆ ತೂತಾಗುವುದಿಲ್ಲ ಎಂದು ಹೊಳೆದು ಯಾಕೋ ಸಿಟ್ಟು ಬಂತು. ಗೇಟು ಕಾಯೋನಿಗೂ ಮೈಕು ಸಿಕ್ತು, ನನ್ನನ್ನ ಕರೀಬೇಕು ಅಂತ ಒಬ್ಬರಿಗೂ ಅನ್ನಿಸ್ಲಿಲ್ಲ ನೋಡಿ ಎಂದೆ.

ಹೆಡ್‌ಮಾಸ್ಟರು ಕರೆಯಬೇಕೆಂದೇ ಇದ್ದರಂತೆ. ಬೇಡ ಎಂದವಳು ತಾನೇ ಎಂದಳು ಟೀಚರು.

ಅವಳು ಹಲಗೆಯ ಮೇಲಿನ ವೈರು ಸುತ್ತುತ್ತ, ನನ್ನ ಕಡೆ ನೋಡದೆ ಮಾತಾಡಿದಳು.

"ನೀವು ಮೈಕು ಹಿಡಿದ್ರೆ ಎಲ್ಲರೂ ನಿಮ್ಮನ್ನೇ ಕೇಳ್ತಿದ್ರು. ಇವತ್ತೊಂದು ದಿನ ನನಗೇ ಇರಲಿ ಅನ್ನಿಸ್ತು. ಅತ್ತೆಗೆ ತಲೆ ಕೆಟ್ಟಿತ್ತಲ್ಲ ಆವಾಗ, ಆಸ್ಪತ್ರೆಗೆ ಸೇರಿಸೋ ಮುಂಚೆ, ಸಂಜೆ ನೀವು ಬಟ್ಟೆ ಕೊಡೋಕೆ ಹೋದಾಗ ನಾನು ಸೂಪು ಕುಡಿಸ್ತಿದ್ದೆ. ನನ್ನ ಕೈ ತಳ್ಳಿಬಿಡೋರು. ನೀನ್ಯಾರು, ನೋಡಮ್ಮ ಎಲ್ಲಿ, ನೋಡಮ್ಮನ್ನ ಕರಿ ಅಂತ ಅಳೋರು. ದಿನಾ ಅದೇ. ನಾನು ಮಗಳೇ ಅಂತ ಕರೆಸ್ಕೊಂಡೋಳು, ನನ್ನ ಗುರುತು ಹೋಯ್ತು, ನಿಮ್ಮ ಹೆಸರು ಹೋಗ್ಲಿಲ್ಲ. ಇಷ್ಟ್ ವರ್ಷ ಯಾರಿಗೂ ಹೇಳಿಲ್ಲ. ಹೇಳೋಕೆ ನನ್ನ ಹೊಟ್ಟೆ ಉರೀತಿತ್ತು."

ಅವಳ ದನಿ ಒಡೆದಿತ್ತು. ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗಿ ಅವಳ ಕೈ ಹಿಡಿಯುತ್ತಿದ್ದರು, ಅಕ್ಕ ಎನ್ನುತ್ತಿದ್ದರು. ನಾನು ಕೂತಲ್ಲೇ ಕೂತು, ಅಂಗಿಯನ್ನು ಮಡಿಲಿಗೆ ಹಾಕಿಕೊಂಡೆ.

"ಯಂತ್ರದ ಸದ್ದಲ್ಲಿ ಕೇಳಿಸ್ಲಿಲ್ಲ," ಎಂದೆ. "ಅತ್ತೆ ಏನಂತಿದ್ರು, ಇನ್ನೊಂದ್ ಸಲ ಹೇಳಿ."

ಯಂತ್ರ ನಿಂತೇ ಇತ್ತು. ಅದು ಅವಳಿಗೂ ಗೊತ್ತಿತ್ತು. ಮೂಗೊರೆಸಿಕೊಂಡು, ಮೊದಲಿಂದ ಹೇಳಿದಳು.